ಎದುರು ಪಾತ್ರದ ಅರ್ಥ ಹೇಳಬಲ್ಲಿರಾ?

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಾಲೇಜುಗಳ ವಿದ್ಯಾರ್ಥಿ ಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿ ಪ್ರತಿನಿಧಿಗಳೇ,

ಚುನಾವಣೆಯಿಂದಲೋ ಅಧ್ಯಾಪಕರ ಆಯ್ಕೆಯಿಂದಲೋ ಈ ವರ್ಷ ನೀವು ನಿಮ್ಮ ತರಗತಿಯ, ನಿಮ್ಮ ಕಾಲೇಜಿನ ಪ್ರತಿನಿಧಿಗಳಾಗಿದ್ದೀರಿ. ಕಾಲೇಜ್ ಡೇ, ಕ್ರೀಡಾಕೂಟ, ಫೆಸ್ಟು, ಟ್ರೆಡಿಷನಲ್ ಡೇ, ಎನ್ನೆಸ್ಸೆಸ್ ಶಿಬಿರ ಅಂತ ಕೆಲಸದ ಪಟ್ಟಿ ಈಗಾಗಲೇ ಉದ್ದ ಇರುತ್ತದೆ. ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಿ ಎಂದು ಕೇಳುವುದಕ್ಕೇ ಈ ಪತ್ರ. ಬೇರೆ ಬೇರೆ ಮತ, ಜಾತಿ, ಭಾಷೆ, ಸೀಮೆಗಳಿಂದ ಬಂದು ಒಂದೇ ಬೆಂಚಿನಲ್ಲಿ ಕೂರುವ ನೀವು, ಜಗಳದ ದಿನ ಬರುವ ಮೊದಲೇ ಪರಸ್ಪರ ಮಾತನಾಡಲು ಕಲಿಯಬೇಕು. ಅದಕ್ಕೊಂದು ವ್ಯವಸ್ಥೆಯನ್ನು ನೀವೇ ಕಟ್ಟಿಕೊಳ್ಳಬೇಕು. ಇದು ಪ್ರಾಂಶುಪಾಲರ ಸುತ್ತೋಲೆಯಿಂದ ಆಗುವ ಕೆಲಸವಲ್ಲ. ಆದ್ದರಿಂದಲೇ ಪತ್ರ ಅವರಿಗಲ್ಲ, ನಿಮಗೆ.

ನಾನು ಕಡಿಯಾಳಿಯವನು. ಕಲ್ಸಂಕದಿಂದ ಹೊರಟ ಬಸ್ಸು ಮಹಿಷಮರ್ದಿನಿ ದೇವಸ್ಥಾನದ ಬಳಿ ನಿಂತು, ಕುಂಜಿಬೆಟ್ಟಿನ ಎಂಜಿಎಂ ಕಾಲೇಜು ದಾಟಿ, ಇಂದ್ರಾಳಿಯ ಯಕ್ಷಗಾನ ಕೇಂದ್ರವನ್ನೂ ರೈಲು ಸೇತುವೆಯನ್ನೂ ಹಿಂದೆ ಬಿಟ್ಟು ಮಣಿಪಾಲದ ಗುಡ್ಡ ಏರುತ್ತದೆ. ಈ ಕೆಲವೇ ಕಿಲೋಮೀಟರುಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು, ಮಲಯಾಳ, ಹಿಂದಿ, ಇಂಗ್ಲಿಷ್ ಎಲ್ಲ ಕಿವಿಗೆ ಬೀಳುತ್ತವೆ. ಬಾಗಲಕೋಟೆಯ ಕನ್ನಡವೂ ಕುಂದಾಪುರದ ಕನ್ನಡವೂ ಒಟ್ಟಿಗೇ ಬೀಳುತ್ತವೆ. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದಂದಿನಿಂದ ಈ ರಸ್ತೆ ಹೊರಗಿನವರನ್ನು ಬರಮಾಡಿಕೊಳ್ಳುತ್ತಲೇ ಇದೆ. 1997ರಲ್ಲಿ ಮಲೇಷ್ಯಾದ ಮೆಲಾಕಾದಲ್ಲಿ ಮಣಿಪಾಲದ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಅಲ್ಲಿನ ಮಕ್ಕಳು ಮೊದಲ ಹಂತದ ಓದಿಗೆ ವರ್ಷಗಟ್ಟಲೆ ಇಲ್ಲಿಗೇ ಬಂದರು. ಇಷ್ಟೆಲ್ಲ ಇರುವ ಊರಿಗೆ ಶಾಂತಿಯ ಪಾಠ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಒಂದೇ ಬಸ್ಸಿನಲ್ಲಿ ನಿತ್ಯ ಓಡಾಡುವವರು ಒಬ್ಬರನ್ನೊಬ್ಬರು ಬಲ್ಲರು ಎಂದೇನಿಲ್ಲ.

ಇದಕ್ಕೆ ಪುರಾವೆ ನಮ್ಮ ರಸ್ತೆಯಲ್ಲೇ ಇದೆ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬ್ ಧರಿಸಿದ ಕೆಲವು ವಿದ್ಯಾರ್ಥಿನಿಯರನ್ನು ತರಗತಿಗೆ ಬಿಡದಿದ್ದುದರಿಂದ ಹುಟ್ಟಿದ ವಿವಾದ ನಿಮಗೆ ಗೊತ್ತು. ನಿಮ್ಮಲ್ಲಿ ಹೆಚ್ಚಿನವರು ಆಗ ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಇದ್ದಿರಿ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಕುರಿತು ಸರಕಾರದ ಆದೇಶ ಬಂತು. ಫೆಬ್ರವರಿ 8ರ ಬೆಳಿಗ್ಗೆ ಎಂಜಿಎಂ ಕಾಲೇಜಿನ ಆವರಣದಲ್ಲಿ ಹಿಜಾಬ್ ಧರಿಸಿದ ಹುಡುಗಿಯರೂ ಕೇಸರಿ ಶಾಲು, ಪೇಟ ತೊಟ್ಟವರೂ ಎದುರುಬದುರಾಗಿ ಘೋಷಣೆ ಕೂಗಿದರು. ಕಾಲೇಜಿಗೆ ರಜೆ ಸಾರಬೇಕಾಯಿತು. ಅದೇ ದಿನ ರಾಜ್ಯ ಸರಕಾರ ಹೈಸ್ಕೂಲು, ಕಾಲೇಜುಗಳನ್ನು ಮೂರು ದಿನ ಮುಚ್ಚಿಸಿತು. 1949ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಗಾಂಧೀಜಿಯ ನೆನಪಿಗೆಂದು ಕಟ್ಟಿದ ಕಾಲೇಜು ಅದು. ಆ ಬೆಳಿಗ್ಗೆಯ ದೃಶ್ಯ ದೇಶದ ಟಿವಿಗಳಲ್ಲೆಲ್ಲ ಓಡಿತು.

ಮಾರ್ಚ್ 15ರಂದು ಹೈಕೋರ್ಟಿನ ತ್ರಿಸದಸ್ಯ ಪೀಠ ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ನಡುವೆ ಕೆಲವು ಹುಡುಗಿಯರು ಪರೀಕ್ಷೆ ಬರೆಯದೆ ಉಳಿದರು, ಕೆಲವರು ಕಾಲೇಜು ಬದಲಿಸಿದರು. ಉಡುಪಿನ ಬಗ್ಗೆ ನಿಮ್ಮ ಅಭಿಪ್ರಾಯ ಏನಿದೆಯೋ ಅದು ನಿಮ್ಮದು. ಅದನ್ನು ಬದಲಿಸಲು ನಾನು ಬರೆಯುತ್ತಿಲ್ಲ. ನಾನು ಕೇಳುವುದು ಬೇರೆ. ಅಂದು ಆವರಣದ ಆಚೆಗೊಂದು ಈಚೆಗೊಂದು ಗುಂಪಾಗಿ ನಿಂತವರು ಕೆಲವೇ ವಾರಗಳ ಹಿಂದೆ ಒಂದೇ ಲ್ಯಾಬಿನಲ್ಲಿ ಕೆಲಸ ಮಾಡಿದವರು, ಒಂದೇ ಕ್ಯಾಂಟೀನಿನಲ್ಲಿ ಬನ್ಸ್ ತಿಂದವರು. ನ್ಯಾಯಾಲಯ ಸಮವಸ್ತ್ರದ ಬಗ್ಗೆ ತೀರ್ಪು ಕೊಡಬಲ್ಲದು. ಮರುದಿನ ಬೆಳಿಗ್ಗೆ ಪಕ್ಕದ ಬೆಂಚಿನವಳೊಡನೆ ಮಾತು ಹೇಗೆ ಶುರುಮಾಡಬೇಕು ಎಂಬುದನ್ನು ಅದು ಹೇಳಿಕೊಡಲಾರದು. ಅದನ್ನು ಯಾರು ಹೇಳಿಕೊಟ್ಟಿದ್ದರು? ಯಾರೂ ಇಲ್ಲ. ಯಾವ ಸೆಮಿಸ್ಟರಿನ ಪಠ್ಯದಲ್ಲೂ ಅದು ಇರಲಿಲ್ಲ.

ಅದೇ ವರ್ಷದ ನವೆಂಬರ್ 26ರಂದು, ಸಂವಿಧಾನ ದಿನದಂದೇ, ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ತರಗತಿಯೊಂದರಲ್ಲಿ ಅಧ್ಯಾಪಕರೊಬ್ಬರು ಮುಸ್ಲಿಂ ವಿದ್ಯಾರ್ಥಿಯನ್ನು ಮುಂಬಯಿ ದಾಳಿಯ ಭಯೋತ್ಪಾದಕನ ಹೆಸರಿನಿಂದ ಕರೆದರು. ತಮಾಷೆಗೆ ಹೇಳಿದ್ದು ಎಂದರು. ಇದು ತಮಾಷೆಯಲ್ಲ ಎಂದು ಹುಡುಗ ಅಲ್ಲೇ, ಎಲ್ಲರ ಎದುರೇ ಹೇಳಿದ. ನೀನು ನನ್ನ ಮಗನಿದ್ದಂತೆ ಎಂದಾಗ, ನಿಮ್ಮ ಮಗನನ್ನು ಹೀಗೆ ಕರೆಯುತ್ತೀರಾ ಎಂದು ಕೇಳಿದ. ವಿಡಿಯೋ ದೇಶವೆಲ್ಲ ಹರಿದಾಡಿತು. ಸಂಸ್ಥೆ ಆ ಅಧ್ಯಾಪಕರನ್ನು ತರಗತಿಯಿಂದ ದೂರವಿಟ್ಟು ವಿಚಾರಣೆಗೆ ಮುಂದಾಯಿತು. ಆಮೇಲಿನದು ಅಷ್ಟಾಗಿ ಸುದ್ದಿಯಾಗಲಿಲ್ಲ. ಅಧ್ಯಾಪಕರು ತನ್ನೊಡನೆ ಮಾತನಾಡಿ ಮನಸಾರೆ ಕ್ಷಮೆ ಕೇಳಿದ್ದಾರೆ, ಇದನ್ನು ಇಲ್ಲಿಗೇ ಬಿಡೋಣ ಎಂದು ಆ ಹುಡುಗನೇ ಸಹಪಾಠಿಗಳಿಗೆ ಬರೆದುಕೊಂಡ. ತಪ್ಪನ್ನು ತಪ್ಪೆಂದು ಮುಖಕ್ಕೆ ಹೇಳಿದ್ದೂ ಅವನೇ, ಕ್ಷಮೆಯನ್ನು ಒಪ್ಪಿಕೊಂಡದ್ದೂ ಅವನೇ. ಶಾಂತಿ ಶಿಕ್ಷಣದ ಪುಸ್ತಕಗಳು ಅಧ್ಯಾಯಗಟ್ಟಲೆ ಹೇಳುವುದನ್ನು ಅವನು ಒಬ್ಬನೇ ಮಾಡಿ ತೋರಿಸಿದ. ನನ್ನನ್ನು ಕಾಡುವುದು ಆ ‘ಒಬ್ಬನೇ’ ಎಂಬುದು. ನೋವುಂಡವನೇ ಎದ್ದು ನಿಂತು ಪಾಠವನ್ನೂ ಮಾಡಬೇಕೇ? ಅಂಥ ತರಗತಿಯಲ್ಲಿ ನೀವು ಕುಳಿತಿದ್ದರೆ, ಪ್ರತಿನಿಧಿಯಾಗಿ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ಯೋಚಿಸಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ಯೋಚಿಸಲು ಸಮಯವಿರುವುದಿಲ್ಲ.

ಇಂಥ ಮಾತು ಬಂದಾಗಲೆಲ್ಲ ನಮ್ಮ ಊರಿನ ಹಿರಿಯರು ಒಂದು ಉತ್ತರ ಕೊಡುತ್ತಾರೆ: ಕರಾವಳಿಯಲ್ಲಿ ಸಾಮರಸ್ಯ ಹೊಸತಲ್ಲ, ಹೊರಗಿನ ರಾಜಕೀಯ ಬಂದು ಕೆಡಿಸಿತು. ಅರ್ಧ ನಿಜ. ಮುಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯನ್ನು ಕಟ್ಟಿಸಿದವನು ಬಪ್ಪ ಎಂಬ ಬ್ಯಾರಿ ವ್ಯಾಪಾರಿ ಎಂದು ಐತಿಹ್ಯ; ಅವನ ಮನೆತನಕ್ಕೆ ಅಲ್ಲಿ ಇಂದಿಗೂ ಪ್ರಸಾದದ ಗೌರವವಿದೆ. ಮೊಗವೀರರು ನಂಬುವ ಬೊಬ್ಬರ್ಯ ದೈವದ ಕತೆಯಲ್ಲಿ ಮುಸ್ಲಿಂ ತಂದೆ ಬರುತ್ತಾನೆ. ಕಾಪುವಿನ ಮಾರಿಗುಡಿಯಲ್ಲಿ ಮುಸ್ಲಿಂ ಕುಟುಂಬವೊಂದು ತಲೆಮಾರುಗಳಿಂದ ನಾಗಸ್ವರದ ಸೇವೆ ಸಲ್ಲಿಸುತ್ತಿದೆ. ಕಾರ್ಕಳದಲ್ಲಿ 1432ರ ಬಾಹುಬಲಿ ನಿಂತಿರುವ ಬೆಟ್ಟಕ್ಕೂ, ಜನವರಿಯಲ್ಲಿ ಜಾತ್ರೆಯಂತೆ ಸೇರುವ ಅತ್ತೂರು ಸಂತ ಲಾರೆನ್ಸರ ಇಗರ್ಜಿಗೂ ಎಲ್ಲ ಜಾತಿಯವರು ಹೋಗುತ್ತಾರೆ. 2017ರ ಜೂನ್‌ನಲ್ಲಿ ಪೇಜಾವರದ ವಿಶ್ವೇಶತೀರ್ಥ ಸ್ವಾಮೀಜಿ ತಮ್ಮ ಐದನೆಯ ಪರ್ಯಾಯದ ಕಾಲದಲ್ಲಿ ಕೃಷ್ಣ ಮಠದ ಆವರಣದಲ್ಲೇ ಇಫ್ತಾರ್ ಕೂಟ ನಡೆಸಿದರು. ಟೀಕೆಗಳು ಬಂದವು, ಅವರು ಹಿಂದೆ ಸರಿಯಲಿಲ್ಲ.

ಇವೆಲ್ಲ ದೊಡ್ಡ ಸಂಗತಿಗಳೇ. ಆದರೆ ಈ ಹಳೆಯ ಸಾಮರಸ್ಯದ ಕಟ್ಟು ಎಂಥದು ಎಂಬುದನ್ನೂ ನೋಡಬೇಕು. ಅಲ್ಲಿ ಎಲ್ಲರಿಗೂ ಒಂದೊಂದು ಪಾಲಿತ್ತು. ಒಬ್ಬರಿಗೆ ವಾದ್ಯ, ಒಬ್ಬರಿಗೆ ಸಂತೆಯ ಅಂಗಡಿ, ಒಬ್ಬರಿಗೆ ಮೊದಲ ಪ್ರಸಾದ. ಯಾರಿಗೆ ಯಾವ ಪಾಲು ಎಂಬುದನ್ನು ನಿರ್ಧರಿಸುವವರು ಮಾತ್ರ ಬೇರೆ ಇದ್ದರು. ಕೊರಗರಿಗೂ ಒಂದು ಪಾಲಿತ್ತು: ಅಜಲು. ಬೇರೆಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ತಿನ್ನಿಸುವುದೂ ಆ ಪದ್ಧತಿಯೊಳಗೆ ಬರುತ್ತಿತ್ತು. ಅದನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ಬೇಕಾಯಿತು. ಅಜಲು ನಡೆಯುತ್ತಿದ್ದ ಕಾಲದಲ್ಲೂ ಊರು ಶಾಂತವಾಗಿಯೇ ಇತ್ತು. ಯಾರೂ ಯಾರೊಂದಿಗೂ ಬಡಿದಾಡುತ್ತಿರಲಿಲ್ಲ.

ಪಾಲು ಕೊಡುವವರ ಮನಸ್ಸು ತಿರುಗಿದರೆ ಏನಾಗುತ್ತದೆ ಎಂಬುದನ್ನು 2022ರ ಮಾರ್ಚಿನಲ್ಲಿ ಕಂಡೆವು. ಹೈಕೋರ್ಟ್ ತೀರ್ಪನ್ನು ವಿರೋಧಿಸಿ ಮುಸ್ಲಿಂ ವ್ಯಾಪಾರಿಗಳು ಒಂದು ದಿನ ಅಂಗಡಿ ಮುಚ್ಚಿದರು. ಮರುವಾರ ಕಾಪುವಿನ ಸುಗ್ಗಿ ಮಾರಿಪೂಜೆಯ ಸಂತೆಯಲ್ಲಿ ಹಿಂದೂಗಳಲ್ಲದವರಿಗೆ ಜಾಗ ಇಲ್ಲವೆಂದಾಯಿತು. ಅದೇ ಮಾತು ಕರಾವಳಿಯ ಇತರ ಜಾತ್ರೆಗಳಿಗೂ ಹಬ್ಬಿತು. ತಲೆಮಾರುಗಳ ರೂಢಿ ಒಂದು ಬ್ಯಾನರಿನಿಂದ ನಿಂತಿತು. ಹಂಗಿನ ಮೇಲೆ ನಿಂತ ಸಾಮರಸ್ಯದ ಗತಿ ಇದು: ಕೊಟ್ಟವರು ಹಿಂದಕ್ಕೆ ಪಡೆಯಬಹುದು.

ಕಾಲೇಜು ಹಾಗಲ್ಲ. ಕಾಲೇಜಿನ ಬೆಂಚು ಯಾರೂ ಯಾರಿಗೂ ದಯೆಯಿಂದ ಬಿಟ್ಟುಕೊಟ್ಟ ಪಾಲಲ್ಲ. ಪೂರ್ಣಪ್ರಜ್ಞ ಕಾಲೇಜನ್ನು ಅದಮಾರು ಮಠ ಕಟ್ಟಿರಬಹುದು, ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜನ್ನು ಕ್ಯಾಥೊಲಿಕ್ ಇಗರ್ಜಿ ಕಟ್ಟಿರಬಹುದು. ಒಳಗೆ ಹೋದ ಮೇಲೆ ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಒಂದೇ ಅಳತೆಯದು. ಆದ್ದರಿಂದ ನೀವು ಕಟ್ಟಬೇಕಾದ ಸಹಬಾಳ್ವೆ ಅಜ್ಜಂದಿರ ಕಾಲದ್ದರ ನಕಲು ಆಗಬಾರದು. ಅವರ ಸೌಜನ್ಯವನ್ನು ಇಟ್ಟುಕೊಳ್ಳಿ, ಹಂಗನ್ನು ಬಿಡಿ. ಹಕ್ಕಿನ ಮೇಲೆ ಕಟ್ಟಿ.

ಇದು ಬರೀ ಆದರ್ಶವಲ್ಲ, ಇದಕ್ಕೆ ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಪೂರ್ವಗ್ರಹದ ಬಗ್ಗೆ ಬರೆದ ಗ್ರಂಥದಲ್ಲಿ, ಬೇರೆ ಬೇರೆ ಗುಂಪಿನವರನ್ನು ಒಟ್ಟಿಗೆ ಕೂರಿಸಿದ ಮಾತ್ರಕ್ಕೆ ದ್ವೇಷ ಕರಗುವುದಿಲ್ಲ ಎಂದು ಎಚ್ಚರಿಸಿದ. ನಾಲ್ಕು ಷರತ್ತು ಹಾಕಿದ. ಇಬ್ಬರದೂ ಸಮಾನ ಸ್ಥಾನವಾಗಿರಬೇಕು. ಇಬ್ಬರಿಗೂ ಒಂದೇ ಗುರಿ ಇರಬೇಕು. ಅದನ್ನು ತಲುಪಲು ಒಬ್ಬರಿಗೊಬ್ಬರು ಬೇಕಾಗಬೇಕು. ಸಂಸ್ಥೆ ಅದರ ಬೆನ್ನಿಗೆ ನಿಲ್ಲಬೇಕು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿದಾಗ ಜಗಳಗಳಾದವು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನು ತುಂಡು ತುಂಡು ಮಾಡಿ ಗುಂಪಿನ ಪ್ರತಿ ಮಗುವಿಗೂ ಒಂದೊಂದು ತುಂಡು ಕೊಟ್ಟರು. ಉಳಿದವರ ತುಂಡನ್ನು ಕೇಳಿಸಿಕೊಳ್ಳದೆ ಯಾರಿಗೂ ಪಾಠ ಪೂರ್ಣವಾಗುತ್ತಿರಲಿಲ್ಲ. ಹಂಗಿಸುತ್ತಿದ್ದ ಮಕ್ಕಳು ಗಮನವಿಟ್ಟು ಕೇಳಲು ಕಲಿತರು.

ಈಗ ನಿಮ್ಮ ಕಾಲೇಜಿನ ಟ್ರೆಡಿಷನಲ್ ಡೇಯನ್ನು ಈ ನಾಲ್ಕು ಷರತ್ತುಗಳ ಮುಂದೆ ಇಟ್ಟು ನೋಡಿ. ಕಸವು ಸೀರೆ, ಮಣಿಪುರದ ಫನೇಕ್, ಕೊಡವರ ಕುಪ್ಯ, ಮೊಗವೀರರ ಉಡುಗೆ ಎಲ್ಲ ವೇದಿಕೆ ಏರುತ್ತವೆ, ಚಪ್ಪಾಳೆ ಬೀಳುತ್ತದೆ, ಬಹುಮಾನವೂ ಸಿಗುತ್ತದೆ. ಸಾಮಾನ್ಯ ಗುರಿ ಯಾವುದು? ಯಾರಿಗೆ ಯಾರು ಬೇಕಾದರು? ಆ ದಿನ ಬಟ್ಟೆ ನೋಡಿ ಚಪ್ಪಾಳೆ ತಟ್ಟಿದವರೇ ಇನ್ನೊಂದು ದಿನ ಬಟ್ಟೆ ನೋಡಿ ಗುಂಪು ಕಟ್ಟುತ್ತಾರೆ. ಆ ಕಾರ್ಯಕ್ರಮ ಬೇಡವೆನ್ನುತ್ತಿಲ್ಲ. ನೋಡುವುದು ಅರಿಯುವುದಲ್ಲ ಎಂಬಷ್ಟು ನೆನಪಿರಲಿ.

ಇನ್ನು, ಮಾತೆಲ್ಲ ಹಿಂದೂ ಮುಸ್ಲಿಂ ಎಂಬಲ್ಲಿಗೇ ನಿಲ್ಲುವುದೂ ಒಂದು ಕುರುಡು. ನಮ್ಮ ಕಡೆ ‘ಘಟ್ಟದವರು’ ಎಂಬ ಮಾತನ್ನು ಯಾವ ದನಿಯಲ್ಲಿ ಹೇಳುತ್ತಾರೆ ಎಂಬುದನ್ನು ಕೊಪ್ಪಳದಿಂದಲೋ ರಾಯಚೂರಿನಿಂದಲೋ ಬಂದ ನಿಮ್ಮ ಸಹಪಾಠಿಯನ್ನು ಕೇಳಿ. ಉಡುಪಿಯ ಕಟ್ಟಡಗಳನ್ನು ಎಬ್ಬಿಸಿದವರು ಅವರ ಸೀಮೆಯವರು. 2025ರ ಮಾರ್ಚಿನಲ್ಲಿ ಮಲ್ಪೆ ಬಂದರಿನಲ್ಲಿ ಮೀನು ಕದ್ದರೆಂದು ಹೇಳಿ, ದುಡಿಯಲು ಬಂದಿದ್ದ ಆ ಕಡೆಯ ಮಹಿಳೆಯೊಬ್ಬರನ್ನು ಮರಕ್ಕೆ ಕಟ್ಟಿ ಹೊಡೆದರು. ಸುತ್ತ ನಿಂತವರು ನೋಡುತ್ತಿದ್ದರು, ವಿಡಿಯೋ ಮಾಡುತ್ತಿದ್ದರು. ತರಗತಿಯಲ್ಲಿ ನಾಲ್ವರು ತುಳುವರು ಸೇರಿ, ತುಳು ಬಾರದ ಐದನೆಯವನ ಎದುರೇ ಅವನ ಮಾತಿನ ಧಾಟಿಯನ್ನು ಅಣಕಿಸುವುದಕ್ಕೂ ಬಂದರಿನ ಆ ಗುಂಪಿಗೂ ಬಹಳ ದೂರವಿದೆ ಎಂದು ನಾವು ಅಂದುಕೊಳ್ಳುತ್ತೇವೆ. ದಾರಿ ಮಾತ್ರ ಒಂದೇ.

ನಾವೂ ಬೇರೆ ಊರುಗಳಲ್ಲಿ ಘಟ್ಟದವರೇ ಆಗಿದ್ದೆವು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆದಾಗ ಕಲ್ಲು ಬಿದ್ದದ್ದು ಉಡುಪಿ ಹೋಟೆಲುಗಳ ಮೇಲೆ. ಕಡಿಯಾಳಿಯಿಂದ, ಕಾಪುವಿನಿಂದ, ಕಾರ್ಕಳದಿಂದ ಹೋಗಿ ತಟ್ಟೆ ತೊಳೆದು, ಮಾಣಿಗಳಾಗಿ, ಮೆಲ್ಲಗೆ ಮಾಲೀಕರಾದವರ ಮೇಲೆ. ಅವರ ಮೊಮ್ಮಕ್ಕಳು ನಿಮ್ಮಲ್ಲೇ ಇದ್ದೀರಿ. ಮನೆಯಲ್ಲಿ ಅಜ್ಜನನ್ನು ಕೇಳಿ ನೋಡಿ. ಹೊರಗಿನವನಾಗಿ ಬದುಕುವುದು ಹೇಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಠ್ಯ ಬೇರೆ ಬೇಡ.

ಹಾಗಾದರೆ ಏನು ಮಾಡಬೇಕು? ವಿದೇಶದ ಮಾದರಿಗಳನ್ನು ಹುಡುಕುವ ಮೊದಲು ನಮ್ಮ ಮಳೆಗಾಲದ ಒಂದು ಕಲೆಯತ್ತ ನೋಡಿ: ತಾಳಮದ್ದಲೆ. ಪತ್ತನಾಜೆಯ ನಂತರ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಆಗ ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಪಂಚೆ, ಜುಬ್ಬಾ ತೊಟ್ಟವರು ಎದುರೆದುರು ಕೂರುತ್ತಾರೆ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಅರ್ಥ ಹೇಳುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಇಂದು ಕರ್ಣನಾದವನು ನಾಳೆ ಕೃಷ್ಣನಾಗಬೇಕು, ನಾಡಿದ್ದು ಶಲ್ಯನಾಗಬೇಕು. ‘ವಾಲಿವಧೆ’ಯಲ್ಲಿ ರಾಮಭಕ್ತನೇ ವಾಲಿಯ ಪಾತ್ರ ವಹಿಸಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ರಾಮನನ್ನು ಪ್ರಶ್ನಿಸುತ್ತಾನೆ. ಕೇಳುತ್ತ ಕೂತ ಭಕ್ತರು ತಲೆದೂಗುತ್ತಾರೆ. ಯಾರ ನಂಬಿಕೆಗೂ ಭಂಗ ಬರುವುದಿಲ್ಲ. ‘ಕೃಷ್ಣ ಸಂಧಾನ’ದಲ್ಲಿ ಕೌರವನ ಪಕ್ಷವನ್ನು ಕೌರವನಿಗಿಂತ ಚೆನ್ನಾಗಿ ಮಂಡಿಸಿದವನಿಗೆ ಮೆಚ್ಚುಗೆ ಸಿಗುತ್ತದೆ.

ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರನ್ನು ಕೇಳಿರುತ್ತೀರಿ. ಗಡಿನಾಡು ಕಾಸರಗೋಡಿನ ಕಡೆಯಿಂದ ಬಂದ, ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದ ಆ ಮಹಾ ಅರ್ಥಧಾರಿ ವಾಲಿ, ರಾವಣರಿಗೆ ಎಷ್ಟು ಪ್ರಸಿದ್ಧರೋ ಬಪ್ಪನಾಡು ಕ್ಷೇತ್ರದ ಪ್ರಸಂಗದ ಬಪ್ಪ ಬ್ಯಾರಿಯ ಪಾತ್ರಕ್ಕೂ ಅಷ್ಟೇ ಪ್ರಸಿದ್ಧರು. ಬ್ಯಾರಿಯ ನಡೆ, ನುಡಿ, ನಂಬಿಕೆಗಳನ್ನು ಒಳಹೊಕ್ಕು ನೋಡದೆ ಆ ಪಾತ್ರ ಮಾಡಲಾಗುವುದಿಲ್ಲ. ನಗಿಸುವುದಕ್ಕಷ್ಟೇ ಮಾಡಿದ್ದರೆ ಜನ ಅದನ್ನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಇತ್ತ ನಮ್ಮ ಕಾಲದಲ್ಲಿ ಸಂಪಾಜೆಯ ಜಬ್ಬಾರ್ ಸಮೋ ಪುರಾಣದ ಪಾತ್ರಗಳಿಗೆ ಅರ್ಥ ಹೇಳುತ್ತಾರೆ. ದೇವಸ್ಥಾನಗಳ ಸಭಾಂಗಣಗಳಲ್ಲೇ ಅವರನ್ನು ಕೇಳಲು ಜನ ಸೇರುತ್ತಾರೆ. ಇಲ್ಲಿ ಯಾರೂ ಯಾರಿಗೂ ಪಾಲು ಹಂಚಿಲ್ಲ. ಇಬ್ಬರೂ ಓದಿ, ಕಲಿತು, ತಮ್ಮ ಯೋಗ್ಯತೆಯಿಂದ ಆ ಚಾಪೆಯ ಮೇಲೆ ಕುಳಿತವರು. ನಾನು ಹಂಗು ಮತ್ತು ಹಕ್ಕು ಎಂದದ್ದರ ವ್ಯತ್ಯಾಸ ಇದು.

ಇದನ್ನು ಕಾಲೇಜಿಗೆ ತನ್ನಿ. ತಾಳ, ಮದ್ದಲೆ ಇಲ್ಲದಿದ್ದರೂ ನಡೆಯುತ್ತದೆ, ನಿಯಮ ಇದ್ದರೆ ಸಾಕು. ತಿಂಗಳಿಗೊಂದು ಸಂಜೆ, ಒಂದು ವಿಷಯ, ಎರಡು ಪಕ್ಷ. ನೀವು ನಂಬುವ ಪಕ್ಷ ನಿಮಗೆ ಸಿಗಬಾರದು. ಎದುರು ಪಕ್ಷದವರ ಮಾತನ್ನು, ಅವರೇ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪುವಷ್ಟು ನ್ಯಾಯವಾಗಿ ಹೇಳಿದ ಮೇಲೆಯೇ ಅದಕ್ಕೆ ಉತ್ತರ ಕೊಡಬೇಕು. ಭಾಗವತರ ಸ್ಥಾನದಲ್ಲಿ ಒಬ್ಬರಿರಬೇಕು. ಅವರು ಪದ ಎತ್ತಿದರೆ ಎಷ್ಟೇ ದೊಡ್ಡ ಅರ್ಥಧಾರಿಯೂ ಬಾಯಿ ಮುಚ್ಚಬೇಕು. ಮೊದಲೇ ಸುಡುವ ವಿಷಯಗಳಿಗೆ ಕೈಹಾಕಬೇಡಿ. ಹಾಸ್ಟೆಲ್ ಮೆಸ್ಸಿನಲ್ಲಿ ಮೀನು ಬೇಕೇ ಬೇಡವೇ, ಫೆಸ್ಟಿನ ನಿರೂಪಣೆ ಯಾವ ಭಾಷೆಯಲ್ಲಿ, ಹೊರರಾಜ್ಯದವರು ಕನ್ನಡ ಕಲಿಯಲೇಬೇಕೇ ಎಂಬಲ್ಲಿಂದ ಶುರುಮಾಡಿ. ಒಂದು ವರ್ಷ ಕಳೆದರೆ ಗಟ್ಟಿ ವಿಷಯಗಳೂ ಕೈಗೆ ಬರುತ್ತವೆ.

ಒಂದು ಎಚ್ಚರಿಕೆ. ಎಲ್ಲವೂ ಚರ್ಚೆಯ ವಿಷಯವಲ್ಲ. ಒಬ್ಬ ಸಹಪಾಠಿ ಈ ಕಾಲೇಜಿನಲ್ಲಿ ಇರಬಹುದೇ, ಅವಳ ಜಾತಿಯವರು ನಮ್ಮ ಸಮಾನರೇ ಎಂಬುದನ್ನು ವಾದಕ್ಕೆ ಇಡುವುದೇ ಹಿಂಸೆ. ಅದು ಸಂವಿಧಾನ ಮುಗಿಸಿಟ್ಟ ಮಾತು. ಹಾಗೆಯೇ ಮುಸ್ಲಿಂ ಹುಡುಗನನ್ನು ಎಲ್ಲ ಮುಸ್ಲಿಮರ ವಕೀಲನನ್ನಾಗಿ, ದಲಿತ ಹುಡುಗಿಯನ್ನು ಮೀಸಲಾತಿಯ ವಕ್ತಾರೆಯನ್ನಾಗಿ, ಮಣಿಪುರದಿಂದ ಬಂದವನನ್ನು ಅಲ್ಲಿನ ಗಲಭೆಯ ವರದಿಗಾರನನ್ನಾಗಿ ನಿಲ್ಲಿಸಬೇಡಿ. ಅವರೂ ನಿಮ್ಮಂತೆಯೇ ಡಿಗ್ರಿ ಓದಲು ಬಂದವರು.

ಎರಡನೆಯ ಕೆಲಸ, ಗುಂಪುಗಳನ್ನು ಚೀಟಿ ಎತ್ತಿ ಮಾಡುವುದು. ಪ್ರಾಜೆಕ್ಟಿಗೆ, ಸೆಮಿನಾರಿಗೆ ‘ನಿಮಗೆ ಬೇಕಾದವರನ್ನು ಸೇರಿಸಿಕೊಳ್ಳಿ’ ಎಂದರೆ ಸಾಕು, ಕೊಂಕಣಿಯವರು ಕೊಂಕಣಿಯವರೊಡನೆ, ಹಿಂದಿಯವರು ಹಿಂದಿಯವರೊಡನೆ ಸೇರಿಬಿಡುತ್ತಾರೆ. ಯಾರ ಮೇಲೂ ಸಿಟ್ಟಿನಿಂದಲ್ಲ, ಅಭ್ಯಾಸದಿಂದ. ಚೀಟಿ ಎತ್ತೋಣ ಎಂದು ನೀವೇ ಅಧ್ಯಾಪಕರಿಗೆ ಹೇಳಿ. ಎನ್ನೆಸ್ಸೆಸ್ ಹುಟ್ಟಿದ್ದೇ 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷದಲ್ಲಿ. ಆ ಶಿಬಿರದಲ್ಲಿ ಅಡುಗೆಗೆ ಯಾರು, ಕಕ್ಕಸು ತೊಳೆಯಲು ಯಾರು, ಮೈಕು ಹಿಡಿಯಲು ಯಾರು ಎಂಬುದನ್ನೂ ಚೀಟಿಯೇ ಹೇಳಲಿ. ಆಲ್ಪೋರ್ಟ್ ಹೇಳಿದ ಸಮಾನ ಸ್ಥಾನ ಭಾಷಣದಿಂದ ಬರುವುದಿಲ್ಲ, ಪೊರಕೆ ಸರದಿಯಂತೆ ಕೈಯಿಂದ ಕೈಗೆ ಹೋದರೆ ಬರುತ್ತದೆ.

ಮೂರನೆಯದು, ಮೊದಲ ಒಂದು ಗಂಟೆಯ ಸಿದ್ಧತೆ. 2012ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಈಶಾನ್ಯದ ಸಾವಿರಾರು ವಿದ್ಯಾರ್ಥಿಗಳು, ಕೆಲಸಗಾರರು ರೈಲು ಹತ್ತಿದ್ದು ಮೊಬೈಲಿನಲ್ಲಿ ಹರಡಿದ ಗಾಳಿಸುದ್ದಿ ಕೇಳಿ. ಈಗ ಮೊಬೈಲು ಇನ್ನೂ ವೇಗವಾಗಿದೆ. ಕ್ಲಾಸಿನ ವಾಟ್ಸಾಪ್ ಗುಂಪಿನ ಅಡ್ಮಿನ್ ಬಹುಪಾಲು ನೀವೇ. ಒಂದು ವಿಡಿಯೋ, ಒಂದು ಪೋಸ್ಟರು, ಒಂದು ಜಗಳ ಸಂಭವಿಸಿದ ಕೂಡಲೇ ಏನು ಮಾಡಬೇಕೆಂದು ಇವತ್ತೇ ಬರೆದಿಡಿ. ಫಾರ್ವರ್ಡ್ ನಿಲ್ಲಿಸುವುದು, ಬೇರೆ ಬೇರೆ ಸಮುದಾಯದ ಮೂವರು ಪ್ರತಿನಿಧಿಗಳು ಒಟ್ಟಿಗೇ ಹೋಗಿ ಸಂಬಂಧಪಟ್ಟವರಿಂದಲೇ ನಡೆದದ್ದೇನೆಂದು ಕೇಳುವುದು, ಪ್ರಾಂಶುಪಾಲರಿಗೆ ಮೂವರ ಹೆಸರಿನಲ್ಲೂ ತಿಳಿಸುವುದು. ಆ ಮೂವರು ಯಾರು ಎಂಬುದು ತರಗತಿಗೆಲ್ಲ ಮೊದಲೇ ಗೊತ್ತಿರಬೇಕು. ಶಾಲು ಹಂಚುವವರು ಹೊರಗಿನಿಂದ ಬಂದರೂ ಒಳಗೆ ಖಾಲಿ ಜಾಗ ಇದ್ದರೆ ಮಾತ್ರ ಅವರ ಕೆಲಸ ನಡೆಯುತ್ತದೆ.

ನಾಲ್ಕನೆಯದು ತೀರ ಸಣ್ಣದು. ಯುಜಿಸಿಯ 2012ರ ನಿಯಮಗಳ ಪ್ರಕಾರ ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶವೂ ತಾರತಮ್ಯದ ದೂರು ಸ್ವೀಕರಿಸುವ ಒಬ್ಬ ಅಧಿಕಾರಿಯೂ ಇರಬೇಕು. ನಿಮ್ಮ ಕಾಲೇಜಿನಲ್ಲಿ ಆ ಅಧಿಕಾರಿ ಯಾರು? ಹೆಸರು, ಫೋನ್ ನಂಬರು ನೋಟಿಸ್ ಬೋರ್ಡಿನಲ್ಲಿದೆಯೇ? ರ‍್ಯಾಗಿಂಗ್ ತಡೆಯ ಫಲಕ ಎಲ್ಲ ಕಡೆ ಇದೆ, ಇದು ಕಾಣುವುದಿಲ್ಲ. ಕೇಳಿ, ಹಾಕಿಸಿ.

ಇದಕ್ಕೆ ಬರುವ ಆಕ್ಷೇಪಗಳೂ ಗೊತ್ತು. ‘ಈಗ ಎಲ್ಲ ತಣ್ಣಗಿದೆ, ಮತ್ತೆ ಕೆದಕುವುದು ಯಾಕೆ?’ ಎನ್ನುತ್ತಾರೆ. ನಾರ್ವೆಯ ಯೊಹಾನ್ ಗಾಲ್ಟುಂಗ್ ಎಂಬ ವಿದ್ವಾಂಸ ಸೇನೆಗೆ ಸೇರಲೊಪ್ಪದೆ ಜೈಲಿಗೆ ಹೋದವರು, ಗಾಂಧಿಯ ರಾಜಕೀಯ ನೀತಿಯ ಮೇಲೆ ಪುಸ್ತಕ ಬರೆದವರು. 1969ರಲ್ಲಿ ಅವರು ಒಂದು ಭೇದವನ್ನು ಸ್ಪಷ್ಟಪಡಿಸಿದರು. ಹೊಡೆದಾಟ ಇಲ್ಲದಿರುವುದು ಒಂದು ಬಗೆಯ ಶಾಂತಿ. ಅನ್ಯಾಯವೂ ಇಲ್ಲದಿರುವುದು ಇನ್ನೊಂದು. ಅಜಲಿನ ಕಾಲದ ಊರಿಗೆ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಮಾತು ನಿಂತ ತರಗತಿಯನ್ನು ಶಾಂತ ತರಗತಿ ಎಂದು ಭ್ರಮಿಸಬೇಡಿ.

‘ನಾವು ಓದಲು ಬಂದವರು, ಇದು ನಮ್ಮ ಕೆಲಸವಲ್ಲ’ ಎನ್ನುವವರೂ ಇದ್ದಾರೆ. ನಿಮ್ಮಲ್ಲಿ ನರ್ಸಿಂಗ್ ಓದುವವರು ನಾಳೆ ಗಲ್ಫಿನಲ್ಲೋ ಜರ್ಮನಿಯಲ್ಲೋ, ನಿಮ್ಮ ಭಾಷೆ ಬಾರದ ರೋಗಿಯ ನೋವನ್ನು ಅವನ ಮುಖದಿಂದ ಓದಬೇಕು. ಎಂಜಿನಿಯರುಗಳು ನಾಲ್ಕು ದೇಶದವರ ತಂಡದಲ್ಲಿ ಕೂರಬೇಕು. ವಕೀಲರು, ಮೇಷ್ಟ್ರುಗಳು, ಪೊಲೀಸ್ ಅಧಿಕಾರಿಗಳು ಆಗುವವರಂತೂ ಇಲ್ಲೇ, ಇದೇ ಜನರ ನಡುವೆ ಇರುತ್ತೀರಿ. ಸಂವಿಧಾನದ 51ಎ ವಿಧಿ ಮತ, ಭಾಷೆ, ಪ್ರದೇಶಗಳ ಭೇದ ಮೀರಿ ಸೌಹಾರ್ದ ಬೆಳೆಸುವುದನ್ನು ಪ್ರತಿ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. 2023ರ ನವೆಂಬರಿನಲ್ಲಿ ಯುನೆಸ್ಕೋ ಕೂಡ ತನ್ನ 1974ರ ಶಿಫಾರಸನ್ನು ಪರಿಷ್ಕರಿಸಿ, ಎಲ್ಲ ಹಂತದ ಶಿಕ್ಷಣದಲ್ಲೂ ಶಾಂತಿ ಮತ್ತು ಮಾನವ ಹಕ್ಕುಗಳು ಇರಬೇಕೆಂದಿತು. ಮಣಿಪಾಲದಲ್ಲೇ ಗಾಂಧಿಯ ಹೆಸರಿನ ಅಧ್ಯಯನ ಕೇಂದ್ರವೊಂದು ಶಾಂತಿಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಕಲಿಸುತ್ತದೆ. ಆದರೆ ಶಾಂತಿ ಕೆಲವರು ಆರಿಸಿಕೊಳ್ಳುವ ಕೋರ್ಸಾಗಿ ಉಳಿದರೆ ಬಿ.ಕಾಂ. ಓದುವವರ ಪಾಡೇನು? ಕಾರ್ಕಳದ ಭುವನೇಂದ್ರ ಕಾಲೇಜಿನ, ಕಾಪುವಿನ ಸರಕಾರಿ ಕಾಲೇಜಿನ ಮಕ್ಕಳಿಗೂ ಅದು ಅಷ್ಟೇ ಬೇಕು.

2022ರ ಮೇ 14ರಂದು ಉಡುಪಿಯಲ್ಲಿ ಸಾವಿರಾರು ಜನ ಸಾಮರಸ್ಯಕ್ಕಾಗಿ ನಡೆದರು, ಸಹಬಾಳ್ವೆಯ ಸಮಾವೇಶ ಮಾಡಿದರು. ಅದು ಬೇಕಿತ್ತು. ಆದರೆ ಮೆರವಣಿಗೆ ಒಂದು ಸಂಜೆಗೆ ಮುಗಿಯುತ್ತದೆ, ನಿಮಗೆ ಮೂರು ವರ್ಷ ಇದೆ. ಮುಂದಿನ ವಿದ್ಯಾರ್ಥಿ ಪರಿಷತ್ ಸಭೆಯ ಕಾರ್ಯಸೂಚಿಯಲ್ಲಿ ನಾಲ್ಕು ಸಾಲು ಬರೆಯಿರಿ: ಎದುರು ಪಕ್ಷದ ಸಂಜೆ, ಚೀಟಿಯ ಗುಂಪು, ಮೂವರ ಹೆಸರು, ಅಧಿಕಾರಿಯ ಫೋನ್ ನಂಬರು. ನಾಲ್ಕಕ್ಕೂ ದುಡ್ಡು ಬೇಡ, ಅತಿಥಿ ಬೇಡ, ಶಾಲು ಹೊದಿಸುವ ಸನ್ಮಾನವೂ ಬೇಡ. ಸೆಮಿಸ್ಟರ್ ಮುಗಿಯುವುದರೊಳಗೆ ಎಷ್ಟು ಆಯಿತು, ಯಾವುದು ಆಗಲಿಲ್ಲ, ಯಾರು ಅಡ್ಡ ಬಂದರು ಎಂಬುದನ್ನು ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಿರಿ. ಮುಂದಿನ ವರ್ಷದ ಪ್ರತಿನಿಧಿಗಳು ಅಲ್ಲಿಂದ ಮುಂದುವರಿಸಲಿ.

ವಿಶ್ವಾಸದಿಂದ,
ಕಡಿಯಾಳಿಯ ಒಬ್ಬ ತಾಳಮದ್ದಲೆ ಪ್ರೇಕ್ಷಕ